ಇಲ್ಲದ ಮಿಲಿಟ್ರಿ ಹೋಟೆಲ್ಲು

ಮೀನುಗಾರಿಕೆ ಕಚೇರಿ ಇದ್ದದ್ದು ಮೊದಲನೇ ಮಹಡಿಯಲ್ಲಿ... ಇಪ್ಪತ್ತೆರಡು ಮೆಟ್ಟಿಲು.

ಹವಾಲ್ದಾರ್ ಜವರಪ್ಪನವರಿಗೆ ಈ ಲೆಕ್ಕ ಬಾಯಿಪಾಠ. ಮಂಡಿಯಿಂದ ಕೆಳಗೆ ಎಡಗಾಲು ಇಲ್ಲದವರಿಗೆ ಮೆಟ್ಟಿಲಿನ ಲೆಕ್ಕ ತಪ್ಪುವುದಿಲ್ಲ.

ಇವತ್ತಿಗೆ ಆರನೇ ಸಲ ಹತ್ತುತ್ತಿದ್ದರು. ಕೃತಕ ಕಾಲು ಒಂದೊಂದು ಮೆಟ್ಟಿಲಿಗೂ ಟಕ್ ಟಕ್ ಎನ್ನುತ್ತಿತ್ತು.

ಅಷ್ಟಕ್ಕೂ ಅವರು ಕೇಳಿದ್ದೇನು? ಡ್ಯಾಮಿನ ಹಿನ್ನೀರಿನಲ್ಲಿ ಗಾಳ ಹಾಕಿ ಕೂರಲು ಎರಡು ಲೈಸೆನ್ಸ್ ಕಾರ್ಡು. ಒಂದು ತಮಗೆ, ಇನ್ನೊಂದು ಜೊತೆಯಲ್ಲೇ ಸೈನ್ಯದಲ್ಲಿದ್ದ ಗೆಳೆಯ ಸಿದ್ದಪ್ಪಾಜಿಗೆ.

'ಅಂಗವಿಕಲ ಮಾಜಿ ಸೈನಿಕರಿಗೆ ರಿಯಾಯಿತಿ ಉಂಟು' ಎಂದು ಕಚೇರಿಯ ಗೋಡೆಯ ಮೇಲೇ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಗೋಡೆಗೆ ಗೊತ್ತಿದ್ದದ್ದು ಗುಮಾಸ್ತ ವಸಂತಕುಮಾರನಿಗೆ ಗೊತ್ತಿರಲಿಲ್ಲ...

ಎಡವಟ್ಟು ಶುರುವಾದದ್ದು ಒಂದೇ ಒಂದು ಪದದಿಂದ.

ಊರೆಲ್ಲ ಅವರನ್ನು ಕರೆಯುವುದು 'ಮಿಲಿಟ್ರಿ ಜವರಪ್ಪ' ಎಂದೇ. ಅದೇ ರೂಢಿಯಲ್ಲಿ ಎರಡೂ ಅರ್ಜಿಗಳ 'ವೃತ್ತಿ' ಕಾಲಮ್ಮಿನಲ್ಲಿ 'ಮಿಲಿಟ್ರಿ' ಎಂದು ಬರೆದುಬಿಟ್ಟರು.

ಹಿನ್ನೀರಿನ ಮೀನು ಹೋಗುವುದೇ ಪೇಟೆಯ ಮಿಲಿಟ್ರಿ ಹೋಟೆಲ್ಲುಗಳ ಮುದ್ದೆ ಊಟಕ್ಕೆ. 'ಮಾಜಿ ಸೈನಿಕರು' ಎಂದಿದ್ದ ಮುಂದಿನ ಸಾಲನ್ನು ವಸಂತಕುಮಾರ ಓದಲೇ ಇಲ್ಲ. ಕಂಪ್ಯೂಟರಿಗೆ ಏರಿಸಿಯೇಬಿಟ್ಟ...

'ಮಿಲಿಟ್ರಿ ಹೋಟೆಲ್ ಮಾಲೀಕರು. ಇಬ್ಬರು ಪಾಲುದಾರರು.'

ಅಲ್ಲಿಗೆ ಮುಗಿಯಿತು ಕಥೆ!

"ಇದು ತಪ್ಪಾಗ್ಬುಟ್ಟದೆ, ತಿದ್ದಿಕೊಡಿ ಸಾ" ಎಂದರೆ, "ನಿಮ್ ಹೆಸರಲ್ಲಿ ಹೋಟ್ಲು ಇಲ್ಲ ಅಂತ ಪುರಸಭೆಯಿಂದ ಸರ್ಟಿಫಿಕೇಟ್ ತನ್ನಿ ಯಜಮಾನ್ರೇ" ಎಂದ.

ಪುರಸಭೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇರೋ ಹೋಟ್ಲಿಗೆ ಕೊಡ್ಬೋದು. ಇಲ್ಲದ ಹೋಟ್ಲಿಗೆ ಹೆಂಗ್ ಕೊಡಾನ?"

ಹಾಗೂ ಹೀಗೂ ಅದನ್ನು ತಂದರೆ, ಅಂಗವೈಕಲ್ಯದ ಪತ್ರ ಹಳೆಯದಾಯಿತಂತೆ. ಹೊಸದು ಬೇಕಂತೆ.

"ಯಾಕ್ ಸಾ... ಕಾಲು ಮತ್ತೆ ಚಿಗುರ್ಕಂಡದೆ ಅಂತ ಅನುಮಾನವಾ?"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅದನ್ನೂ ತಂದರು. ಸಹಿ ಮಾಡುವ ಸಾಹೇಬರು ರಜೆಯಲ್ಲಿದ್ದರು!

ಆರನೇ ಸಲ ವಸಂತಕುಮಾರ ನಗುನಗುತ್ತಾ ಎರಡು ಕಾರ್ಡು ಮುಂದಿಟ್ಟ. "ರೆಡಿ ಆಯ್ತು ನೋಡಿ."

ಜವರಪ್ಪ ಕನ್ನಡಕ ಏರಿಸಿ ಓದಿದರು... 'ಮಿಲಿಟ್ರಿ ಹೋಟೆಲ್ ಮಾಲೀಕರು.'

ಮೈಯೆಲ್ಲ ಉರಿದುಹೋಯಿತು.

"ಸಿಸ್ಟಮ್ ಒಳಗೆ ಹಂಗೇ ಕೂತ್ಬುಟ್ಟದೆ ಯಜಮಾನ್ರೇ. ಪೂರ್ತಿ ಫೀಸ್ ಕಟ್ಟಿ ತಗೊಂಡ್ ಹೋಗಿ. ಮೀನು ಏನು ಕಾರ್ಡ್ ಓದ್ಕಂಡ್ ಬತ್ತದಾ?"

"ದುಡ್ಡಿನ ಮಾತಲ್ಲ ಸಾ. ಇದ್ನ ಸಿದ್ದಪ್ಪಾಜಿಗೆ ನಾನು ಓದಿ ಹೇಳ್ಬೇಕು. ಅವನಿಗೆ ಎರಡೂ ಕಣ್ಣು ಕಾಣಕ್ಕಿಲ್ಲ."

"ಕಣ್ಣೇ ಕಾಣಕ್ಕಿಲ್ವಾ? ಮತ್ತಿನ್ನೇನು! ಮಾಜಿ ಸೈನಿಕ ಅಂತ ಬರ್ದದೆ ಅಂತ ಓದ್ಬುಡಿ. ಅವರಿಗೇನ್ ಗೊತ್ತಾಯ್ತದೆ?"

ಜವರಪ್ಪ ಬೈಯಲಿಲ್ಲ. ಫೈಲುಗಳನ್ನು ಸರಿಸಿ, ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತರು. ಆರು ಭೇಟಿಯಲ್ಲಿ ಯಾರೂ ಅವರಿಗೆ ಕೂರಿ ಎಂದಿರಲಿಲ್ಲ.

"ನೆಲಬಾಂಬ್ ಸಿಡ್ದು ನಾನು ಬಿದ್ದಿದ್ದೆ ವಸಂತಪ್ಪ. ಯಾರೂ ಹತ್ರ ಹೋಗ್ಬ್ಯಾಡಿ ಅಂತ ಆರ್ಡರ್ ಆಗಿತ್ತು. ಸಿದ್ದಪ್ಪಾಜಿ ಬಂದ... ನನ್ನನ್ನ ಹೆಗಲ ಮ್ಯಾಲೆ ಹಾಕ್ಕಂಡು ಹತ್ತು ಹೆಜ್ಜೆ ಇಟ್ಟಿದ್ದ. ಇನ್ನೊಂದು ಸಿಡೀತು. ನನ್ ಕಾಲು ಮೊದ್ಲೇ ಹೋಗಿತ್ತು. ಅವನ ಕಣ್ಣು ಹೋಗಿದ್ದು ಆಗ... ನನ್ನಿಂದ."

ವಸಂತಕುಮಾರ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ.

"ಹೆಂಡ್ತಿ ತೀರ್ಕಂಡ ಮ್ಯಾಲೆ ಒಂದು ವರ್ಷದಿಂದ ಹೊಸಲು ದಾಟಿಲ್ಲ ಅವನು. ಗಾಳ ಹಾಕಕ್ಕೆ ಕಣ್ಣು ಬ್ಯಾಡ, ಬೆರಳು ಸಾಕು ಬಾರೋ ಅಂದೆ. 'ನಾನು ಏನಾಗಿದ್ದೆ ಅಂತ ಸರ್ಕಾರದ ಕಾಗದದಲ್ಲಿ ಬರ್ಸ್ಕಂಡ್ ಬಾ, ಓದಿ ಹೇಳು, ಆಗ ಬತ್ತೀನಿ' ಅಂದ. ನನಗೋಸ್ಕರ ಕಣ್ಣು ಕಳ್ಕಂಡವನಿಗೆ ಸುಳ್ಳು ಓದ್ಲಾ ನಾನು? ನೀವೇ ಹೇಳಿ."

ಉತ್ತರಕ್ಕೂ ಕಾಯದೆ, ಕಾರ್ಡುಗಳನ್ನು ಅಲ್ಲೇ ಬಿಟ್ಟು ಎದ್ದರು. ಟಕ್... ಟಕ್... ಇಪ್ಪತ್ತೆರಡು ಮೆಟ್ಟಿಲು. ಹಿಂದಿನಿಂದ ಯಾರೂ ಕರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಜವರಪ್ಪ ಗೆಳೆಯನ ಮನೆಗೆ ಹೋದರು. "ಆಗ್ಲಿಲ್ಲ ಕಣೋ" ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿಗೆ ಒಂದು ಸ್ಕೂಟರ್ ಬಂದು ನಿಂತಿತು.

ವಸಂತಕುಮಾರ! ತಲೆ ತಗ್ಗಿಸಿಕೊಂಡು ಒಳಗೆ ಬಂದ. ಕೈಯಲ್ಲಿ ಎರಡು ಹೊಸ ಕಾರ್ಡು.

"ಯಾರಪ್ಪ ಅದು?" ಎಂದರು ಸಿದ್ದಪ್ಪಾಜಿ.

"ಕಚೇರಿಯವನು ಸಾರ್... ಓದಿ ಹೇಳಕ್ಕೆ ಬಂದೆ."

'ಲ್ಯಾನ್ಸ್ ನಾಯಕ್ ಸಿದ್ದಪ್ಪಾಜಿ. ಅಂಗವಿಕಲ ಮಾಜಿ ಸೈನಿಕರು.'

ಸಿದ್ದಪ್ಪಾಜಿ ಕಾರ್ಡಿನ ಮೇಲೆ ಬೆರಳಾಡಿಸಿದರು. "ಇನ್ನೊಂದ್ ಸಲ ಓದಪ್ಪ."

ಓದಿದ.

"ಇನ್ನೊಂದ್ ಸಲ..."

ಮೂರನೇ ಸಲ ವಸಂತಕುಮಾರ ಹೆಸರಿನವರೆಗೆ ಓದಿ ನಿಲ್ಲಿಸಿದ. ಆ ಕಣ್ಣಿಲ್ಲದ ಮನುಷ್ಯನ ಎದುರು ನಿಂತು ಕಣ್ಣೊರೆಸಿಕೊಂಡ.

ಸಿದ್ದಪ್ಪಾಜಿ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡರು. ಎದ್ದು ನಿಂತು ಜವರಪ್ಪನವರ ಹೆಗಲಿಗಾಗಿ ಕೈ ಚಾಚಿದರು. ಒಂದು ವರ್ಷದ ಮೇಲೆ ಹೊಸಲು ದಾಟಿದರು...

"ವಸಂತಪ್ಪ, ಮೀನು ಬಿದ್ರೆ ಮಧ್ಯಾಹ್ನ ನಮ್ ಮಿಲಿಟ್ರಿ ಹೋಟ್ಲಿಗೆ ಊಟಕ್ಕೆ ಬಾ" ಎಂದರು ಜವರಪ್ಪ.

"ಯಾವ ಹೋಟ್ಲೋ ಅದು?"

"ಅದೊಂದು ದೊಡ್ಡ ಕಥೆ... ನಡಿಯೋ, ನೀರತ್ರ ಕೂತ್ಕಂಡ್ ಹೇಳ್ತೀನಿ."

ನಮಗೆ ಅದು ಫಾರ್ಮಿನ ಒಂದು ಕಾಲಮ್ಮು... ಎದುರು ನಿಂತವರಿಗೆ ಅದು ಇಡೀ ಬದುಕು.

ಇವತ್ತು ನಿಮ್ಮ ಮುಂದೆ ಬಂದು ನಿಂತವರ ಮಾತನ್ನು ಕೊನೆಯ ಸಾಲಿನವರೆಗೂ ಓದಿದ್ದೀರಾ... ಇಲ್ಲಾ ಮೊದಲ ಪದಕ್ಕೇ ಒಂದು ಹೋಟೆಲ್ಲು ಕಟ್ಟಿಬಿಟ್ಟಿರಾ?