ಒಂದು ಗೆರೆ ಹೆಚ್ಚು

ವಾಲ್ವಿನ ಕುತ್ತಿಗೆಗೆ ಕೆಂಪಯ್ಯ ಸೋಪಿನ ನೊರೆ ಹಚ್ಚಿದ. ಕಂಪ್ರೆಸರ್ ಚಾಲೂ ಮಾಡುತ್ತಿದ್ದಂತೆ ಗುಳ್ಳೆಗಳೆದ್ದವು. ಸ್ಪ್ಯಾನರ್ ಹಾಕಿ ಇನ್ನೊಂದು ಸುತ್ತು ಬಿಗಿದ. ಗುಳ್ಳೆಗಳು ಇನ್ನೂ ದಪ್ಪಗಾದವು. ಅಡಿಕೆ ಹಾಳೆಯ ಮೇಲೆ ಪೂರ್ತಿ ಇಳಿಯಬೇಕಿದ್ದ ಕಾದ ಅಚ್ಚು ಅರ್ಧಕ್ಕೇ ನಿಂತಿತು. ಹೊರಗೆ ಬಂದದ್ದು ತಟ್ಟೆಯಲ್ಲ, ಸುಕ್ಕುಗಟ್ಟಿದ ಹಾಳೆ.

"ಬುಡಿ ಅತ್ಲಾಗೆ," ಎಂದಳು ಅವನ ಹೆಂಡತಿ ಸಿದ್ದಗಂಗಮ್ಮ. ಹೇಳಿದಳೇ ಹೊರತು ಮಷೀನಿನ ಮುಂದಿನಿಂದ ಏಳಲಿಲ್ಲ.

ಅಮೃತೂರಿನ ಮಹಿಳಾ ಸಂಘಕ್ಕೆ ತಟ್ಟೆ ಒತ್ತುವ ಮಷೀನು ಬಂದು ವರ್ಷವಾಗಿತ್ತು. ಅದನ್ನು ಕಾಲಲ್ಲಿ ತುಳಿಯಬೇಕು. ಚಿಕ್ಕಂದಿನಲ್ಲಿ ಪೋಲಿಯೊ ಬಂದ ಸಿದ್ದಗಂಗಮ್ಮನ ಕಾಲುಗಳಲ್ಲಿ ಅಷ್ಟು ಬಲವಿಲ್ಲ. "ನೀನು ಕುಂತ್ಕೊಂಡು ತಟ್ಟೆ ಕಟ್ಟು ಕಟ್ಟವ್ವ, ಸಾಕು," ಎಂದು ಉಳಿದವರು ಪ್ರೀತಿಯಿಂದಲೇ ಹೇಳುತ್ತಿದ್ದರು. ಆ ಪ್ರೀತಿಯೇ ಅವಳಿಗೆ ಚುಚ್ಚುತ್ತಿತ್ತು. ಕೆಂಪಯ್ಯ ಪ್ರೈವೇಟ್ ಬಸ್ಸುಗಳ ಮೆಕ್ಯಾನಿಕ್. ಹಳೇ ಬಸ್ಸಿನ ಬ್ರೇಕ್ ಚೇಂಬರನ್ನು ಇನ್ನೊಂದು ಅಚ್ಚಿಗೆ ಕೂರಿಸಿ, ಗಾಳಿಯ ಒತ್ತಡಕ್ಕೆ ಅಚ್ಚು ಇಳಿಯುವ ಹಾಗೆ ಮಾಡಿದ. ಅಂಗೈಯಿಂದ ಒತ್ತಿದರೆ ಗಾಳಿ ಬಿಡುವ ವಾಲ್ವನ್ನು ಹಿತ್ತಾಳೆಯ ತುಂಡಿನಲ್ಲಿ ತಾನೇ ಕೊರೆದ. ಎಲ್ಲ ಸರಿಯಾಗಿತ್ತು. ಪೈಪು ಸೇರಿಸುವ ಎರಡು ನಿಪ್ಪಲ್ಲುಗಳ ಹತ್ತಿರ ಮಾತ್ರ ಗಾಳಿ ನಿಲ್ಲುತ್ತಿರಲಿಲ್ಲ.

ಮರುದಿನ ಇಬ್ಬರೂ ತುಮಕೂರಿನ ಬಸ್ಸು ಹತ್ತಿದರು. ವಾಲ್ವು ನಿಪ್ಪಲ್ಲುಗಳ ಸಮೇತ ಟವೆಲಿನಲ್ಲಿ ಸುತ್ತಿಕೊಂಡು ಸಿದ್ದಗಂಗಮ್ಮನ ಮಡಿಲಲ್ಲಿ ಕೂತಿತ್ತು. ಶಿರಾ ಗೇಟಿನ ಲೇತ್ ಅಂಗಡಿಯಲ್ಲಿ ಅದರ ಮಾಲೀಕ ಮುನಾವರ್ ಪಾಷಾ ಇರಲಿಲ್ಲ. ಲೇತಿನ ಮುಂದೆ, ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಅವನ ಹೆಂಡತಿ ಜಮಾಲುನ್ನೀಸಾ ನಿಂತಿದ್ದಳು. ಕೆಂಪಯ್ಯ ಬಾಗಿಲಲ್ಲೇ ನಿಂತ.

"ಪಾಷಾ ಸಾಬ್ರು ಯಾವಾಗ ಬರ್ತಾರೆ?"

"ಅವ್ರಿಗೆ ಬೆನ್ನುನೋವಣ್ಣ, ನಿಂತು ಕೆಲ್ಸ ಮಾಡಕ್ಕಾಗಲ್ಲ. ಎರಡು ವರ್ಷದಿಂದ ಲೇತ್ ನಂದೇ. ಏನಾಗ್ಬೇಕು ಹೇಳಿ."

ಕೆಂಪಯ್ಯ ಒಲ್ಲದ ಮನಸ್ಸಿನಿಂದಲೇ ಹೇಳಿದ. ಗಾಳಿ ಸೋರದಂತೆ ನಿಪ್ಪಲ್ಲಿಗೆ ಟೇಪು ನಾಲ್ಕು ಸುತ್ತು ಸುತ್ತಿದ್ದು, ಆರು ಸುತ್ತಿದ್ದು, ಆದರೂ ಲೀಕಾಗಿದ್ದು. ಜಮಾಲುನ್ನೀಸಾ ಟೇಪನ್ನೆಲ್ಲ ಉಗುರಲ್ಲಿ ಕಿತ್ತು ಹಾಕಿ, ಒಂದು ನಿಪ್ಪಲ್ಲನ್ನೂ ವಾಲ್ವನ್ನೂ ಸಿದ್ದಗಂಗಮ್ಮನ ಕೈಗೆ ಕೊಟ್ಟಳು.

"ಅಕ್ಕ, ಬರೀ ಕೈಯಲ್ಲಿ ತಿರುಗಿಸಿ ನೋಡಿ."

"ಎರಡು ಸುತ್ತು ಸಲೀಸಾಗಿ ಹೋಗ್ತೈತೆ. ಆಮೇಲೆ ಹಿಡ್ಕೊಳ್ತೈತೆ."

"ಹಿಡ್ಕೊಂಡ್ರೆ ಬಿಗಿಯಾಯ್ತು ಅಂತ ತಾನೇ?" ಎಂದ ಕೆಂಪಯ್ಯ. "ಇಪ್ಪತ್ತು ವರ್ಷದಿಂದ ಬಸ್ಸಿನ ಗಾಳಿ ನೋಡಿದೀನಿ ಕಣಕ್ಕ."

"ಗಾಳಿ ವಿಷ್ಯ ನಿಮಗೇ ಗೊತ್ತಿರೋದು. ಇದು ಥ್ರೆಡ್ಡು, ತಿರುಪಿನ ಗೆರೆ ವಿಷ್ಯ." ಹಲ್ಲುಹಲ್ಲಾಗಿದ್ದ ತೆಳ್ಳನೆಯ ಅಳತೆಪಟ್ಟಿಯೊಂದನ್ನು ಅವಳು ನಿಪ್ಪಲ್ಲಿನ ಗೆರೆಗಳಿಗೆ ಒತ್ತಿ ಬೆಳಕಿಗೆ ಹಿಡಿದಳು. "ಇದನ್ನ ಎಲ್ಲಿಂದ ತಂದ್ರಿ?"

"ಗುಜರಿಯಿಂದ. ಫಾರಿನ್ ಮಷೀನಿಂದು. ಒಳ್ಳೇ ಮಾಲು, ದಪ್ಪಾನೂ ಒಂದೇ ಇತ್ತು."

"ಮಾಲು ಒಳ್ಳೇದೇ. ಆದ್ರೆ ಇದ್ರಲ್ಲಿ ಇಂಚಿಗೆ ಹದಿನೆಂಟು ಗೆರೆ. ನಿಮ್ಮ ವಾಲ್ವಲ್ಲಿ ಹತ್ತೊಂಬತ್ತು. ಸ್ವಲ್ಪ ದೂರ ಜೊತೇಲಿ ಹೋಗ್ತಾವೆ, ಆಮೇಲೆ ಜಗಳ. ನೀವು ಬಿಗಿದಷ್ಟೂ ಹಿತ್ತಾಳೆ ಗೆರೆ ಸವೆದು ಹೋಗಿದೆ, ನೋಡಿ."

ಕೆಂಪಯ್ಯ ನೋಡಿದ. ತೂತಿನೊಳಗೆ ಗೆರೆಗಳು ಇಲಿ ಕಡಿದ ಹಾಗಿದ್ದವು. ತನ್ನ ಸ್ಪ್ಯಾನರ್ರೇ ಕಡಿದದ್ದು. ಅವನ ಮುಖ ಸಣ್ಣದಾಯಿತು.

"ಹಂಗಾರೆ ವಾಲ್ವು ಹೋಯ್ತಾ?" ಎಂದು ಕೇಳಿದ್ದು ಸಿದ್ದಗಂಗಮ್ಮ. ಟವೆಲನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

"ಯಾಕೆ ಹೋಗುತ್ತೆ? ತೂತು ಒಂದು ಸೈಜ್ ದೊಡ್ಡದು ಮಾಡಿ ಹೊಸ ಥ್ರೆಡ್ ಹಾಕ್ತೀನಿ. ಅದಕ್ಕೆ ತಕ್ಕ ಎರಡು ನಿಪ್ಪಲ್ಲೂ ಇಲ್ಲೇ ಮಾಡೋಣ. ವಾಲ್ವಂತೂ ಭಾರಿ ಚೆನ್ನಾಗಿ ಮಾಡಿದೀರಣ್ಣ, ನಮ್ಮ ಯಜಮಾನ್ರಿಗೆ ತೋರಿಸ್ಬೇಕು."

ಮಧ್ಯಾಹ್ನದವರೆಗೂ ಕೆಲಸ ನಡೆಯಿತು. ಜಮಾಲುನ್ನೀಸಾ ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತ, ಪುಡಿ ಊದುತ್ತ, ಒಂದಿಷ್ಟೂ ಅವಸರವಿಲ್ಲದೆ ಹೊಸ ಗೆರೆ ಕೊರೆದಳು. ಕೆಂಪಯ್ಯ ಪಕ್ಕದಲ್ಲಿ ಎಣ್ಣೆ ಡಬ್ಬಿ ಹಿಡಿದು ನಿಂತು, ಅವಳು ಹೇಳುವ ಮುಂಚೆಯೇ ಒಂದೊಂದು ಹನಿ ಬಿಡತೊಡಗಿದ. ಕೊನೆಗೆ ಪಕ್ಕದ ಪಂಕ್ಚರ್ ಅಂಗಡಿಯ ಗಾಳಿ ಕೊಟ್ಟು ನೊರೆ ಹಚ್ಚಿದರು. ಮೂವರೂ ಬಗ್ಗಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಸಿದ್ದಗಂಗಮ್ಮ ಅಂಗೈ ಒತ್ತಿದಳು, ವಾಲ್ವು "ಟುಸ್" ಎಂದು ಗಾಳಿ ಬಿಟ್ಟಿತು. ಕೈ ತೆಗೆದಳು, ನಿಂತಿತು. ಮತ್ತೆ ಒತ್ತಿದಳು. ಸಾಕು ಎಂದು ಯಾರೂ ಹೇಳಲಿಲ್ಲ.

ಆ ಶುಕ್ರವಾರ ಸಂಘದ ಶೆಡ್ಡಿನಲ್ಲಿ ಅವಳು ಬೆಳಗಿನಿಂದ ಸಂಜೆಯವರೆಗೆ ತಟ್ಟೆ ಒತ್ತಿದಳು. ಮುಗಿದ ಮೇಲೆ ಹೆಂಗಸರೆಲ್ಲ ಟೀ ಲೋಟ ಹಿಡಿದು ಜಗಲಿಯಲ್ಲಿ ಕೂತರು. ಒಬ್ಬಳಿಗೆ ಸೊಂಟ, ಒಬ್ಬಳಿಗೆ ಮಂಡಿ, ದಿನಾ ಇದ್ದ ಗೊಣಗಾಟವೇ; ಇಷ್ಟು ದಿನ ಅದರಲ್ಲಿ ಸಿದ್ದಗಂಗಮ್ಮನ ಪಾಲಿರಲಿಲ್ಲ.

"ಅಯ್ಯಯ್ಯೋ, ನನ್ ರಟ್ಟೆ ಬಿದ್ದೋಯ್ತು ಕಣ್ರೇ!" ಎಂದು ಸಿದ್ದಗಂಗಮ್ಮ ಎಲ್ಲರಿಗಿಂತ ಜೋರಾಗಿ ನರಳಿದಳು.

ಸಂಘದ ಹಿರಿಯಳು ಪುಟ್ಟಗಂಗಮ್ಮ ಗಾಬರಿಯಾಗಿ ಲೋಟ ಕೆಳಗಿಟ್ಟಳು. "ನಾಳೆ ಬರಬ್ಯಾಡ ಬುಡವ್ವ, ಮನೇಲಿ ಮಲ್ಕೊ."

"ಯಾಕೆ?" ಎಂದಳು ಸಿದ್ದಗಂಗಮ್ಮ, ತೋಳು ನೀವಿಕೊಳ್ಳುತ್ತ. "ನಾಳೇನೂ ನೋಯ್ಲಿ."