ಪೈಲಟ್‌ಗೆ ಬದಲು ಐಸ್‌ಕ್ರೀಮ್

ನೀರಿನಿಂದ ಎತ್ತಿದ ಪೈಲಟ್ ಬದುಕಿದ್ದಾನೆಂದು ಗೊತ್ತಾದದ್ದೇ ತಡ, ಹಡಗಿನವರೆಲ್ಲ ತಮ್ಮ ತಮ್ಮ ಲೋಟ ತೊಳೆದಿಟ್ಟುಕೊಂಡರು. ೧೯೪೫ರ ಆ ಮೇ ತಿಂಗಳಲ್ಲಿ, ಜಪಾನಿನ ಓಕಿನಾವಾ ದ್ವೀಪದ ಸುತ್ತಲಿನ ಸಮುದ್ರದಲ್ಲಿ ಅಮೆರಿಕದ ಯುದ್ಧಹಡಗುಗಳ ನಡುವೆ ನಡೆಯುತ್ತಿದ್ದ ವ್ಯವಹಾರವೇ ಹಾಗಿತ್ತು. ಸಣ್ಣ ಹಡಗಿನವರು ಸಮುದ್ರಕ್ಕೆ ಬಿದ್ದ ಪೈಲಟ್‌ನನ್ನು ಎತ್ತಿ, ವಿಮಾನಗಳಿರುವ ದೊಡ್ಡ ಹಡಗಿಗೆ ಒಪ್ಪಿಸಬೇಕು. ದೊಡ್ಡವರು ಬದಲಿಗೆ ಐಸ್‌ಕ್ರೀಮ್ ಕಳಿಸಬೇಕು. ಯಾವ ಗಳಿಗೆಯಲ್ಲಿ ಯಾವ ಜಪಾನೀ ವಿಮಾನ ನೆತ್ತಿಯ ಮೇಲೆ ಬಂದು ಬೀಳುವುದೋ ಎಂದು ನಿದ್ದೆಗೆಟ್ಟು ಆಕಾಶ ಕಾಯುತ್ತಿದ್ದವರಿಗೆ ಇದ್ದದ್ದು ಅದೊಂದೇ ಹಬ್ಬ.

ಕೆಳಗೆ ಕಂಬಳಿ ಹೊದ್ದು ಕೂತಿದ್ದ ಪೈಲಟ್ ವೆಂಡೆಲ್‌ಗೆ ಮಾತ್ರ ಕಾಫಿ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಕಾಫಿಯೆಲ್ಲ ತೊಡೆಯ ಮೇಲೆ ಚೆಲ್ಲಿತ್ತು.

"ಡಾಕ್ಟ್ರೇ, ನನ್ನ ವಾಪಸ್ ಕಳಿಸ್ಬೇಡಿ."

ಲೆಸ್ಟರ್ ನಿಜವಾದ ಡಾಕ್ಟರಲ್ಲ. ಓಹಾಯೋದ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು. ಹಡಗಿನಲ್ಲಿ ಬೇರೆ ಗತಿಯಿಲ್ಲದೆ ಗಾಯಕ್ಕೆ ಪಟ್ಟಿ ಕಟ್ಟುವ ಅವನೇ ಎಲ್ಲರ ಪಾಲಿನ ಡಾಕ್ಟರಾಗಿದ್ದ. ಬೆಳಿಗ್ಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗೆ ಹಾರಿ ಈ ವೆಂಡೆಲ್‌ನನ್ನು ಎಳೆದು ತಂದವನೂ ಅವನೇ.

"ನಿಮಗೆಲ್ಲೂ ಮುರಿದಿಲ್ವಲ್ಲ ಸಾರ್."

"ಮುರಿದಿದೆ ಅನ್ನಿ. ಪಕ್ಕೆಲುಬು ಅನ್ನಿ. ಕ್ಯಾಪ್ಟನ್ ಏನು ನನ್ನ ಕೊಯ್ದು ನೋಡ್ತಾರಾ? ಗುವಾಮ್ ಆಸ್ಪತ್ರೆಗೆ ಹೋಗೋ ಹಡಗಿಗೆ ಹಾಕ್ಸಿಬಿಡಿ. ಇನ್ನೊಂದ್ಸಲ ವಿಮಾನದಲ್ಲಿ ಕೂತ್ರೆ ಸಾಯ್ತೀನಿ ಡಾಕ್ಟ್ರೇ. ಕೈ ನಿಲ್ತಾನೇ ಇಲ್ಲ, ನೀವೇ ನೋಡಿ."

ಲೆಸ್ಟರ್ ನೋಡಿದ. ಆ ಕೈ ನಿಜಕ್ಕೂ ನಿಲ್ಲುತ್ತಿರಲಿಲ್ಲ. ಪಕ್ಕೆಲುಬಿನ ಸುಳ್ಳು ಹೇಳಿದರೆ ಒಂದು ಜೀವ ಉಳಿಯುತ್ತದೆ. "ಹೇಳ್ತೀನಿ ಸಾರ್, ನೀವು ಹೆದರ್ಬೇಡಿ," ಎಂದು ಮಾತು ಕೊಟ್ಟು ಮೇಲೆ ಹತ್ತಿದ.

ಏಣಿಯ ತುದಿಯಲ್ಲೇ ಫಿರಂಗಿ ಹಾರಿಸುವ ಮಲ್ಕಾಹಿ ಅಡ್ಡ ನಿಂತಿದ್ದ. "ಏನ್ ಡಾಕ್ಟ್ರೇ, ನಮ್ ಮಾಲು ಹೇಗಿದೆ? ಡ್ಯಾಮೇಜ್ ಆಗಿದ್ರೆ ಅವ್ರು ವಾಪಸ್ ತಗೊಳಲ್ಲ, ನೋಡ್ಕೊಳಿ ಮತ್ತೆ!" ಹಿಂದಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಪಕ್ಕದ ಹಡಗು ಕಣ್ಣೆದುರೇ ಹೊತ್ತಿ ಮುಳುಗಿದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು. ಪೈಲಟ್ ವಾಪಸ್ ಹೋಗದಿದ್ದರೆ ಐಸ್‌ಕ್ರೀಮೂ ಇಲ್ಲ; ಈ ನಗುವನ್ನು ಕೆಡಿಸುವವನು ತಾನಾಗಬೇಕಲ್ಲ ಎಂದುಕೊಳ್ಳುತ್ತ ಲೆಸ್ಟರ್ ಕ್ಯಾಪ್ಟನ್ ಬಳಿಗೆ ನಡೆದ.

ದೊಡ್ಡ ಹಡಗು ಆಗಲೇ ಪಕ್ಕಕ್ಕೆ ಬಂದಿತ್ತು. ನಡುವೆ ಹಗ್ಗ ಕಟ್ಟಿ ದಾಟಿಸುವಷ್ಟು ಹೊತ್ತು ಎರಡೂ ಹಡಗುಗಳು ನೇರವಾಗಿ, ಜೊತೆಜೊತೆಗೆ ಸಾಗಬೇಕು. ಶತ್ರು ಬಂದರೆ ತಿರುಗಲೂ ಆಗದು. ಕ್ಯಾಪ್ಟನ್ ಆಕಾಶದಿಂದ ಕಣ್ಣು ಕೀಳದೆ ಕೇಳಿದ.

"ಕಳಿಸ್ಬಹುದೇನಯ್ಯಾ? ಬೇಗ ಹೇಳು."

"ಕಳಿಸ್ಬಹುದು ಸಾರ್."

ಬಾಯಿಂದ ಬಂದೇಬಿಟ್ಟಿತು. ತಿದ್ದಿಕೊಳ್ಳಬೇಕು ಅನ್ನುವಷ್ಟರಲ್ಲಿ ಕ್ಯಾಪ್ಟನ್ ಕೈ ಬೀಸಿಯಾಗಿತ್ತು. ತಿದ್ದಿಕೊಳ್ಳಬಹುದಿತ್ತು, ನಿಜ. ಲೆಸ್ಟರ್ ಹೋಗಿ ಹಗ್ಗ ಬಿಗಿಯುವವರ ಜೊತೆ ಕೈಜೋಡಿಸಿದ.

ಎರಡು ಹಡಗುಗಳ ನಡುವೆ ಬಿಗಿದ ಹಗ್ಗದ ಮೇಲೆ ಮೊದಲು ಡಬ್ಬಿಗಳು ಬಂದವು. ಆಮೇಲೆ ವೆಂಡೆಲ್‌ನನ್ನು ಅದೇ ಹಗ್ಗಕ್ಕೆ ನೇತುಹಾಕಿದ ಕುರ್ಚಿಯಲ್ಲಿ ಕೂರಿಸಿದರು. ಲೆಸ್ಟರ್ ತಲೆ ತಗ್ಗಿಸಿಕೊಂಡು ಕುರ್ಚಿಯ ಪಟ್ಟಿ ಬಿಗಿದ. ಬೈಯಲಿ ಎಂದು ಕಾದ.

"ನನಗೆ ಎಷ್ಟು ಡಬ್ಬಿ ಕೊಟ್ರು?" ಎಂದ ವೆಂಡೆಲ್.

"ಐದು, ಸಾರ್."

"ಹೋದ್ಸಲ ನಾನು ಬಿದ್ದಾಗ ಮೂರೇ ಕೊಟ್ಟಿದ್ರು."

ಹಗ್ಗ ಎಳೆದರು. ಕುರ್ಚಿ ಅಲೆಗಳ ಮೇಲೆ ತೂಗಾಡುತ್ತ ಆಚೆ ಹೋಯಿತು. ಅಲ್ಲಿ ವಿಮಾನಗಳ ಎಂಜಿನ್‌ಗಳು ಆಗಲೇ ಗುಡುಗುತ್ತಿದ್ದವು.

ಮುಚ್ಚಳ ತೆಗೆದರೂ ಡಬ್ಬಿಗೆ ಯಾರೂ ಕೈ ಹಾಕಲಿಲ್ಲ. ಈ ಹಡಗಿನ ರೂಢಿ ಅದು: ಪೈಲಟ್‌ನನ್ನು ನೀರಿನಿಂದ ಎತ್ತಿದವನು ಮೊದಲ ಚಮಚ ತಿನ್ನಬೇಕು, ಆಮೇಲೆಯೇ ಉಳಿದವರಿಗೆ. ಮಲ್ಕಾಹಿ ತುಂಬಿದ ಲೋಟವನ್ನು ಲೆಸ್ಟರ್‌ನ ಕೈಗಿಟ್ಟ. "ಬೇಗ ಡಾಕ್ಟ್ರೇ, ಕರಗ್ತಿದೆ!"

ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಲೆಸ್ಟರ್ ಕಣ್ಣು ಮುಚ್ಚಿ ಚಮಚ ಬಾಯಿಗಿಟ್ಟ. ವಾಂತಿಯಾಗುತ್ತದೆ ಅಂದುಕೊಂಡಿದ್ದ. ಆಗಲಿಲ್ಲ. ಹೋ ಎಂದು ಕೂಗುತ್ತ ಅವರೆಲ್ಲ ಲೋಟ ಚಾಚುವಷ್ಟರಲ್ಲಿ, ಅವನ ಕೈ ಎರಡನೆಯ ಚಮಚಕ್ಕೆ ಇಳಿದಿತ್ತು.