ಕಂಬದ ದೀಪ ಹತ್ತಲಿ

"ಕಂಬದ ದೀಪ ಹತ್ತಲಿ, ಆಮ್ಯಾಲ ಗಲ್ಲಾ ತಗೀತೀನ್ರಿ," ಎಂದಳು ಕಂಬಳಿ ಅಂಗಡಿಯ ಬೀರವ್ವ, ಬೀದಿದೀಪದ ತೆರಿಗೆ ಪಟ್ಟಿ ವಸೂಲಿಗೆ ಬಂದ ಕಚೇರಿಯ ಸಿಪಾಯಿ ಕಲ್ಲಣ್ಣನ ಚಾಚಿದ ಕೈಯನ್ನು ಕಂಡೂ ಕಾಣದಂತೆ. ಮುಸ್ಸಂಜೆಯಾದ ಮೇಲೆ ಕಂಬದ ದೀಪ ಹತ್ತುವತನಕ ಅಂಗಡಿಯ ರೊಕ್ಕ ಹೊರಗೆ ಹೋಗಬಾರದು ಎಂಬುದು ರೂಢಿ. ಅಕ್ಕಲಕೋಟ ಹಾದಿಯ ಈ ಪೇಟೆಯಲ್ಲಿ ಅದನ್ನು ಮೀರಿದವರಿಲ್ಲ. ಗಲ್ಲಾದಲ್ಲಿದ್ದದ್ದು ನಾಳೆ ಕುಂಭಾರಿಯಿಂದ ಉಣ್ಣೆ ತರುವ ರೊಕ್ಕ. ಅದು ಹೋದರೆ ಮಗ್ಗ ನಿಂತಂತೆಯೇ.

ಕಲ್ಲಣ್ಣ ನಕ್ಕ. "ಯಾವ ದೀಪ, ಬೀರವ್ವ? ದೀಪ ಹಚ್ಚೂ ಧರೆಪ್ಪ ಸತ್ತು ಮೂರು ತಿಂಗಳಾತು. ಬ್ಯಾರೆ ಆಳ್ನ ಇಡಾಕ ಕಚೇರ್ಯಾಗ ರೊಕ್ಕಿಲ್ಲ."

"ಮತ್ತ ದೀಪದ ಪಟ್ಟಿ ಯಾಕ ಏರಿಸೀರಿ?"

"ಸರಕಾರಿ ಖರ್ಚು ಹೆಚ್ಚಾಗೇತಿ."

"ಹಂಗಾರ ದೀಪ ಹತ್ತಿದ ದಿನ ಬರ್ರಿ."

ಆಗ ಅಂಗಡಿ ಮುಂದಿನ ದೀಪದ ಕಂಬಕ್ಕೆ ಬಿಗಿದ ಏಣಿಯ ಸರಪಳಿ ಸದ್ದು ಮಾಡಿತು. ಗಾಳಿ ಇರಲಿಲ್ಲ. ಕೆಳಗಿನ ಮೆಟ್ಟಿಲು ಕಿರುಗುಟ್ಟಿತು, ಆಮೇಲೆ ಅದರ ಮೇಲಿನದು, ಆಮೇಲೆ ಅದರ ಮೇಲಿನದು. ಮೊಣಕಾಲು ನೋವಿನ ಧರೆಪ್ಪ ಏರುತ್ತಿದ್ದ ಹಾಗೆಯೇ, ನಾಲ್ಕನೆಯದರಲ್ಲಿ ತುಸು ನಿಂತು. ಮಸಿ ಹಿಡಿದ ಗಾಜು ಯಾರೋ ಒರೆಸಿದಂತೆ ಒಂದು ಸುತ್ತು ತಿಳಿಯಾಯಿತು. ಹನಿ ಎಣ್ಣೆಯಿಲ್ಲದ ದೀಪ ಹತ್ತಿಕೊಂಡಿತು.

ಬೀರವ್ವನ ಕೈಗಳು ರೂಢಿಯಂತೆ ತಾವಾಗಿಯೇ ಮುಗಿದವು. ಕಲ್ಲಣ್ಣನ ಮುಖ ಬಿಳಿಚಿತ್ತು. ಚಾಚಿದ ಕೈ ಮಾತ್ರ ಹಿಂದೆ ಸರಿಯಲಿಲ್ಲ.

"ಹತ್ತಿತಲ್ಲವ್ವ," ಎಂದ ಅವನು, ಕಂಬದತ್ತ ನೋಡಲಾರದೆ. "ಗಲ್ಲಾ ತಗಿ."